ಹುಬ್ಬಳ್ಳಿಯಿಂದ ಅಂಕೋಲೆಗೆ ಬಸ್ಸಿನಲ್ಲಿ ಒಂದು ದಿನ: ಚಳಿಗಾಲದಲ್ಲಿ ಸಮುದ್ರಕ್ಕೆ ಹೋಗಿ ಬರುವ ಪೂರ್ತಿ ಲೆಕ್ಕ

ಸಮುದ್ರ ನೋಡಬೇಕು ಅಂದ್ರೆ ಕಾರು ಬೇಕು, ಲಾಡ್ಜ್ ಬೇಕು, ಎರಡು ದಿನ ರಜೆ ಬೇಕು ಅಂತ ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಬಹಳ ಜನ ಅಂದುಕೊಂಡಿದ್ದಾರೆ. ಅಷ್ಟೆಲ್ಲ ಬೇಕಿಲ್ಲ. ಅಂಕೋಲೆ ನಮ್ಮಿಂದ ಸುಮಾರು 130 ಕಿಲೋಮೀಟರ್. ನಸುಕಿನಲ್ಲಿ ಸರ್ಕಾರಿ ಬಸ್ಸು ಹತ್ತಿದರೆ ಹನ್ನೊಂದರ ಸುಮಾರಿಗೆ ಕಾಲಿಗೆ ಉಪ್ಪುನೀರು ತಾಗಿರುತ್ತದೆ, ರಾತ್ರಿ ನಮ್ಮ ಹಾಸಿಗೆಯಲ್ಲೇ ಮಲಗಬಹುದು.

ಗೋಕರ್ಣ ಬಿಟ್ಟು ಅಂಕೋಲೆ ಯಾಕೆ ಅಂತ ಕೇಳಿದರೆ, ಎಲ್ಲರೂ ಗೋಕರ್ಣಕ್ಕೆ ಹೋಗುತ್ತಾರೆ ಅನ್ನುವುದೇ ಉತ್ತರ. ಅಂಕೋಲೆ ಒಂದು ತಾಲೂಕು ಪೇಟೆ. ಬಸ್ ನಿಲ್ದಾಣ, ಮೀನು ಮಾರ್ಕೆಟ್ಟು, ಶಾಲೆ, ಕಚೇರಿ, ಅದರಾಚೆ ಸಮುದ್ರ. ಪ್ರವಾಸಿಗರಿಗಾಗಿ ಅಂತ ಕಟ್ಟಿದ್ದು ಕಡಿಮೆ, ಆದ್ದರಿಂದ ವಾರದ ನಡುವೆ ಹೋದರೆ ಅರ್ಧ ದಂಡೆ ನಿಮ್ಮದೇ.

ಅಂದ ಹಾಗೆ, ರೈಲಿಗೆ ಕಾಯುತ್ತ ಕೂರಬೇಡಿ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಮಾತು ಎರಡು ದಶಕ ದಾಟಿದೆ, ಕಾಡಿನ ಅನುಮತಿಯಲ್ಲಿ ಸಿಕ್ಕಿಕೊಂಡು ಕಾಗದದ ಮೇಲೇ ಓಡುತ್ತಿದೆ. ನಮಗೆ ಸದ್ಯಕ್ಕೆ ಬಸ್ಸೇ ಗತಿ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಡಿಸೆಂಬರ್, ಜನವರಿ ಈ ಪ್ರಯಾಣಕ್ಕೆ ಹೇಳಿ ಮಾಡಿಸಿದ ತಿಂಗಳು. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ, ಸಮುದ್ರವೂ ರೊಚ್ಚಿಗೆದ್ದಿರುತ್ತದೆ. ಏಪ್ರಿಲ್-ಮೇನಲ್ಲಿ ಕರಾವಳಿಯ ಬೆವರು ನಮ್ಮ ಬಯಲುಸೀಮೆಯವರಿಗೆ ತಡೆಯುವುದಿಲ್ಲ. ಚಳಿಗಾಲದಲ್ಲಿ ಆಕಾಶ ಸ್ವಚ್ಛ, ಅಲೆ ಸಣ್ಣದು, ದೋಣಿಗಳೆಲ್ಲ ಕಡಲಿನಲ್ಲಿ.

ಆದರೆ ಎಲ್ಲ ದಿನವೂ ಒಂದೇ ಅಲ್ಲ. ಶನಿವಾರ, ಭಾನುವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಸಂಕ್ರಾಂತಿ ರಜೆ, ಇಷ್ಟನ್ನು ಬಿಟ್ಟುಬಿಡಿ. ಗೋವಾ, ಗೋಕರ್ಣಕ್ಕೆ ಹೋಗುವವರೆಲ್ಲ ಅದೇ ರಸ್ತೆಯಲ್ಲಿರುತ್ತಾರೆ. ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ: ಡಿಸೆಂಬರ್ ಅಂದ್ರೆ ಶಾಲಾ ಪ್ರವಾಸದ ಕಾಲ. ಶಾಲೆಗಳು ಸರ್ಕಾರಿ ಬಸ್ಸುಗಳನ್ನೇ ಬಾಡಿಗೆಗೆ ಹಿಡಿಯುತ್ತವೆ, ಆಗ ಯಾವುದೋ ಮಾರ್ಗದ ಒಂದು ಬಸ್ಸು ಅವತ್ತು ಬರದೇ ಇರಬಹುದು. ಮಂಗಳವಾರ, ಬುಧವಾರ ಒಳ್ಳೆಯದು. ಜನವರಿ ಕೊನೆಯ ವಾರ ಇನ್ನೂ ಒಳ್ಳೆಯದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಮಾವಾಸ್ಯೆ, ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. ಪೂಜೆಗಲ್ಲ, ನೀರಿಗೆ. ಆ ದಿನಗಳಲ್ಲಿ ಉಬ್ಬರ-ಇಳಿತ ಎರಡೂ ಜೋರು. ನಮ್ಮ ಈ ದಂಡೆಯಲ್ಲಿ ಅವತ್ತು ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೆ ನೀರು ತುಂಬಿ, ಸಂಜೆ ಹಿಂದೆ ಸರಿಯುತ್ತದೆ. ಹಾಗಾಗಿ ಸಂಜೆ ನಡೆಯುವುದಕ್ಕೆ ಅಗಲವಾದ ಗಟ್ಟಿ ಮರಳು ಸಿಗುತ್ತದೆ. ದಿನ ಕಳೆದಂತೆ ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಒಂದು ವಾರ ಬಿಟ್ಟು ಹೋದರೆ ಸಂಜೆ ಹೊತ್ತಿಗೆ ನೀರು ದಂಡೆಯ ಮೇಲೇ ಇರುತ್ತದೆ.

ವಾಪಸ್ ಬಸ್ಸಿನಿಂದ ಲೆಕ್ಕ ಶುರು ಮಾಡಿ

ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನೇ ನೆನಪಿಡಿ. ಹೋಗುವ ಬಸ್ಸು ಎಲ್ಲರೂ ವಿಚಾರಿಸುತ್ತಾರೆ. ಬರುವ ಬಸ್ಸು ವಿಚಾರಿಸದೆ ಹೊರಟರೆ ಇಡೀ ದಿನ ಮನಸ್ಸಿನ ಮೂಲೆಯಲ್ಲಿ ಅದೇ ಚುಚ್ಚುತ್ತಿರುತ್ತದೆ.

ನಾನು ಮೊದಲ ಸಲ ಹೋದಾಗ ಮಾಡಿದ್ದು ಇದೇ ತಪ್ಪು. "ಎಷ್ಟೊಂದು ಬಸ್ಸು ಇರ್ತಾವೆ ಬಿಡು" ಅಂದುಕೊಂಡು ಅಂಕೋಲೆಯ ಜೊತೆ ಗೋಕರ್ಣವನ್ನೂ ಸೇರಿಸಿದೆ. ಗೋಕರ್ಣದಿಂದ ತಿರುಗಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಹುಬ್ಬಳ್ಳಿಯ ಬೋರ್ಡ್ ಹಾಕಿದ ಬಸ್ಸು ಕಾರವಾರದಿಂದಲೇ ತುಂಬಿಕೊಂಡು ಬಂತು. ಬಾಗಿಲಲ್ಲಿ ಒಂದು ಕಾಲು ಊರಿಕೊಂಡು ಹತ್ತಿದೆ. ಯಲ್ಲಾಪುರದವರೆಗೆ ನಿಂತೇ ಬಂದೆ, ಅದೂ ಘಟ್ಟದ ತಿರುವುಗಳಲ್ಲಿ. ಸಮುದ್ರ ಹೇಗಿತ್ತು ಅಂತ ಮನೆಯಲ್ಲಿ ಕೇಳಿದರೆ ಕಂಬಿ ಹಿಡಿದ ಕೈ ನೋವಷ್ಟೇ ನೆನಪಿತ್ತು.

ಈಗ ಹೀಗೆ ಮಾಡುತ್ತೇನೆ. ಹಿಂದಿನ ದಿನ ಸಂಜೆ ಬಸ್ ನಿಲ್ದಾಣದ ವಿಚಾರಣೆ ಕೌಂಟರಿಗೆ ಹೋಗಿ ಎರಡು ಪ್ರಶ್ನೆ ಕೇಳುತ್ತೇನೆ. ಬೆಳಗಿನ ಕಾರವಾರ ಅಥವಾ ಅಂಕೋಲೆ ಬಸ್ಸು ಯಾವ ನಿಲ್ದಾಣದಿಂದ, ಎಷ್ಟು ಗಂಟೆಗೆ? ನಮ್ಮೂರಲ್ಲಿ ಹಳೇ ಬಸ್ ನಿಲ್ದಾಣ, ಗೋಕುಲ ರಸ್ತೆಯ ಹೊಸ ಬಸ್ ನಿಲ್ದಾಣ, ಹೊಸೂರು ಅಂತ ಮೂರಿವೆ. ನಸುಕಿನ ಚಳಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಆಟೊ ಹಿಡಿದು ಓಡುವ ಕಷ್ಟ ಶತ್ರುವಿಗೂ ಬೇಡ. ಎರಡನೇ ಪ್ರಶ್ನೆ: ಸಂಜೆ ಐದರ ನಂತರ ಅಂಕೋಲೆಯಿಂದ ಹುಬ್ಬಳ್ಳಿಗೆ ಬರುವ ಬಸ್ಸುಗಳು ಯಾವುವು, ಕೊನೆಯದು ಯಾವಾಗ? ಉತ್ತರವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಅಂಕೋಲೆಯಲ್ಲಿ ಇಳಿದ ತಕ್ಷಣ ಅಲ್ಲಿನ ಕಂಟ್ರೋಲರ್ ಹತ್ತಿರ ಅದೇ ಪ್ರಶ್ನೆ ಮತ್ತೆ ಕೇಳಿ. ಎರಡೂ ಉತ್ತರ ಒಂದೇ ಆದರೆ ನಿಶ್ಚಿಂತೆ. ಬೇರೆಬೇರೆ ಆದರೆ ಅಂಕೋಲೆಯವರ ಮಾತನ್ನೇ ನಂಬಿ.

ಕೊನೆಯ ಬಸ್ಸಿಗೆ ಯಾವತ್ತೂ ಆಸೆ ಇಟ್ಟುಕೊಳ್ಳಬೇಡಿ. ಅದರ ಹಿಂದಿನದು ನಿಮ್ಮ ಬಸ್ಸು, ಕೊನೆಯದು ಆಪತ್ತಿಗೆ.

ಕುಟುಂಬದ ಜೊತೆ ಹೋಗುವವರಿಗೆ ಇನ್ನೊಂದು ಉಪಾಯ ಇದೆ. ಕಾರವಾರದಿಂದ ಹೊರಡುವ, ಮುಂಗಡ ಬುಕಿಂಗ್ ಇರುವ ಬಸ್ಸು ನೋಡಿ, ಅಂಕೋಲೆಯಲ್ಲಿ ಹತ್ತುವುದಾಗಿ ಸೀಟು ಕಾದಿರಿಸಿ. ಮಕ್ಕಳು, ವಯಸ್ಸಾದವರು ಇದ್ದರೆ ಆ ನಾಲ್ಕು ತಾಸು ಕೂತು ಬರುವುದಕ್ಕೆ ಕೊಡುವ ದುಡ್ಡು ದಂಡ ಅಲ್ಲ.

ಟಿಕೆಟ್ ವಿಷಯ ಚಿಕ್ಕದು. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಪ್ರಯಾಣ ಉಚಿತ. ಇಲ್ಲಿನ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ. ಹತ್ತಿದ ಮೇಲೆ ಶೂನ್ಯ ಟಿಕೆಟ್ ಮರೆಯದೆ ಇಸಿದುಕೊಳ್ಳಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಇಲ್ಲ. ಗಂಡಸರಿಗೆ 2025ರ ಜನವರಿ 5ರಿಂದ ದರ ಶೇಕಡಾ 15 ಏರಿದೆ, ಆದರೂ ಕಾರಿನ ಪೆಟ್ರೋಲಿಗೆ ಹೋಲಿಸಿದರೆ ಏನೂ ಅಲ್ಲ. ಚಿಲ್ಲರೆ ಇಟ್ಟುಕೊಳ್ಳಿ. ನಸುಕಿನಲ್ಲಿ ಐದುನೂರರ ನೋಟು ಚಾಚಿ ಕಂಡಕ್ಟರ್ ಹತ್ತಿರ ಬೈಸಿಕೊಳ್ಳುವುದು ಬೇಡ.

ಚೀಲದಲ್ಲಿ ಏನಿರಬೇಕು

ಈ ದಿನದ ದೊಡ್ಡ ತಮಾಷೆ ಅಂದ್ರೆ ಒಂದೇ ದಿನದಲ್ಲಿ ಎರಡು ಹವೆ. ಹೊರಡುವಾಗ ಹುಬ್ಬಳ್ಳಿಯಲ್ಲಿ 14-15 ಡಿಗ್ರಿ, ಬಸ್ಸಿನ ಕಿಟಕಿ ಸಂದಿಯಿಂದ ಬರುವ ಗಾಳಿ ಬೇರೆ. ಮಧ್ಯಾಹ್ನ ಅಂಕೋಲೆಯಲ್ಲಿ 32 ಡಿಗ್ರಿ ದಾಟಿದರೂ ಆಶ್ಚರ್ಯವಿಲ್ಲ. ಕರಾವಳಿಗೆ ಚಳಿಗಾಲ ಅಂದ್ರೆ ಬೆವರು ಕಡಿಮೆ ಅಂತ ಅರ್ಥ, ಚಳಿ ಅಂತಲ್ಲ. ಹಾಗಾಗಿ ದಪ್ಪ ಸ್ವೆಟರ್ ಬೇಡ, ದಿನವಿಡೀ ಅದನ್ನು ಹೊತ್ತು ತಿರುಗಬೇಕಾಗುತ್ತದೆ. ಒಂದು ಶಾಲು ಸಾಕು. ಬಸ್ಸಿನಲ್ಲಿ ಹೊದ್ದುಕೊಳ್ಳಬಹುದು, ದಂಡೆಯಲ್ಲಿ ಹಾಸಿಕೊಳ್ಳಬಹುದು, ಬಿಸಿಲಿಗೆ ತಲೆ ಮೇಲೆ ಹಾಕಿಕೊಳ್ಳಬಹುದು. ಕಿವಿಗೆ ಟೊಪ್ಪಿಗೆ ಬೇಕೇಬೇಕು.

ಉಳಿದದ್ದು: ಒಂದು ಜೊತೆ ಒಣ ಬಟ್ಟೆ, ಟವೆಲ್, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್, ಚಪ್ಪಲಿ. ಶೂ ಬೇಡ, ಒಂದು ಸಲ ಮರಳು ಹೊಕ್ಕರೆ ವಾರವಿಡೀ ಬರುತ್ತಲೇ ಇರುತ್ತದೆ. ಎರಡು ಲೀಟರ್ ನೀರು, ಮೊಬೈಲಿಗೆ ಪವರ್ ಬ್ಯಾಂಕ್. ಬುತ್ತಿ ಕಟ್ಟಿಕೊಳ್ಳಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಸ್ವಲ್ಪ ಮೊಸರು ಇದ್ದರೆ ಬೆಳಗಿನ ನಾಷ್ಟಾದ ಚಿಂತೆ ತಪ್ಪುತ್ತದೆ. ಆದರೆ ಮಧ್ಯಾಹ್ನಕ್ಕೂ ಬುತ್ತಿ ಕಟ್ಟಬೇಡಿ, ಅಲ್ಲಿಯ ಊಟ ತಪ್ಪಿಸಿಕೊಳ್ಳುವುದು ಪಾಪ.

ಹತ್ತುವುದು, ಕೂರುವುದು

ಐದೂವರೆ-ಆರರ ಸುಮಾರಿಗೆ ಹೊರಡುವ ಬಸ್ಸು ಹಿಡಿಯಿರಿ. ಬಲಗಡೆ ಕಿಟಕಿ ನೋಡಿ ಕೂತುಕೊಳ್ಳಿ. ಬಸ್ಸು ಪಶ್ಚಿಮಕ್ಕೆ ಹೋಗುತ್ತದೆ, ಚಳಿಗಾಲದ ಸೂರ್ಯ ಆಗ್ನೇಯದಲ್ಲಿ ಹುಟ್ಟುತ್ತಾನೆ, ಅಂದ್ರೆ ಬಿಸಿಲು ಹಿಂದಿನಿಂದ ಎಡಗಡೆಗೆ ಬೀಳುತ್ತದೆ. ಸಂಜೆ ಬರುವಾಗ ಅದೇ ಲೆಕ್ಕ ತಿರುಗಿಸಿ, ಎಡಗಡೆ ಕೂತರೆ ಇಳಿಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಚಳಿ ತಡೆಯದವರು ಬೆಳಿಗ್ಗೆ ಬೇಕಂತಲೇ ಎಡಗಡೆ ಕೂರಬಹುದು, ಏಳು ಗಂಟೆಯ ನಂತರ ಮೈ ಕಾಯಿಸುವ ಬಿಸಿಲು ಸಿಗುತ್ತದೆ. ಹಿಂದಿನ ಸೀಟು ಮಾತ್ರ ಬೇಡ, ಘಟ್ಟದಲ್ಲಿ ಹೊಟ್ಟೆ ತೊಳಸುವುದು ಅಲ್ಲೇ ಜಾಸ್ತಿ.

ಕಲಘಟಗಿ ದಾಟುವವರೆಗೆ ಇನ್ನೂ ಕತ್ತಲು, ನಿದ್ದೆ ಮಾಡಿ. ಆಮೇಲೆ ಕಣ್ಣು ಬಿಟ್ಟಿರಿ. ನಮ್ಮ ಕಪ್ಪು ಮಣ್ಣು ಕೆಂಪಾಗುತ್ತದೆ, ಹತ್ತಿ-ಜೋಳ ಹೋಗಿ ತೇಗ ಬರುತ್ತದೆ, ಮಂಜು ಮರಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಯಲ್ಲಾಪುರ ಸುಮಾರು ಅರ್ಧ ದಾರಿ. ಅಲ್ಲಿ ಬಸ್ಸು ಚಹಾಕ್ಕೆ ನಿಲ್ಲುತ್ತದೆ. ಬುತ್ತಿ ಬಿಚ್ಚುವುದಿದ್ದರೆ ಇಲ್ಲೇ ಬಿಚ್ಚಿ, ಆದರೆ ಘಟ್ಟದಲ್ಲಿ ವಾಕರಿಕೆ ಬರುವವರು ಎರಡು ತುತ್ತಿಗೆ ನಿಲ್ಲಿಸಿ. ವಾಕರಿಕೆಯ ಮಾತ್ರೆ ತೆಗೆದುಕೊಳ್ಳುವ ರೂಢಿ ಇದ್ದರೆ ಯಲ್ಲಾಪುರದವರೆಗೆ ಕಾಯದೆ ಹೊರಡುವ ಮೊದಲೇ ತೆಗೆದುಕೊಳ್ಳಿ. ಶೌಚಾಲಯಕ್ಕೆ ಹೋಗುವಾಗ ಕಂಡಕ್ಟರ್‌ಗೆ ಒಂದು ಮಾತು ಹೇಳಿ ಹೋಗಿ. ಬಸ್ಸಿನ ನಂಬರಿನ ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು, ತಿರುಗಿ ಬಂದಾಗ ಒಂದೇ ಥರದ ಮೂರು ಬಸ್ಸು ನಿಂತಿರುತ್ತವೆ.

ಯಲ್ಲಾಪುರ ಬಿಟ್ಟ ಮೇಲೆ ಅರಬೈಲ್ ಘಟ್ಟ. ಇಲ್ಲಿ ಮೊಬೈಲ್ ಒಳಗಿಡಿ. ಒಂದು ಕಾರಣ, ತಿರುವಿನಲ್ಲಿ ಪರದೆ ನೋಡಿದರೆ ತಲೆ ಸುತ್ತುತ್ತದೆ. ಇನ್ನೊಂದು, ನೋಡುವುದಕ್ಕೆ ಹೊರಗೇ ಸಾಕಷ್ಟಿದೆ. ಲಾರಿಗಳ ಸಾಲು ಸಿಕ್ಕಿದರೆ ಇಲ್ಲಿ ಅರ್ಧ ತಾಸು ಹೆಚ್ಚೇ ಹಿಡಿಯಬಹುದು, ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಹೊರಡಿ. ಘಟ್ಟ ಇಳಿಯುತ್ತಿದ್ದಂತೆ ಕಿಟಕಿಯ ಗಾಳಿ ಬೆಚ್ಚಗಾಗುತ್ತದೆ, ಶಾಲು ತಾನಾಗಿ ಜಾರುತ್ತದೆ. ಅಡಿಕೆ ತೋಟ ಕಳೆದು ತೆಂಗಿನ ಮರ ಜಾಸ್ತಿ ಕಾಣತೊಡಗಿದರೆ ಇಳಿಯುವ ಹೊತ್ತು ಹತ್ತಿರ ಬಂತು ಅಂತ ಲೆಕ್ಕ.

ಇಳಿದ ಮೇಲೆ ಮೊದಲ ಒಂದು ತಾಸು

ಕಂಟ್ರೋಲರ್ ಹತ್ತಿರ ವಾಪಸ್ ಬಸ್ಸು ಕೇಳಿದಿರಾ? ಸರಿ. ಈಗ ನಿಲ್ದಾಣದಲ್ಲೇ ಶೌಚಾಲಯ ಮುಗಿಸಿಕೊಳ್ಳಿ, ದಂಡೆಯಲ್ಲಿ ಆ ಅನುಕೂಲ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಆಮೇಲೆ ಒಂದು ಚಹಾ, ಜೊತೆಗೆ ಬನ್ಸ್. ಬಾಳೆಹಣ್ಣು ಹಾಕಿ ಕಲಸಿ ಕರಿದ, ಸ್ವಲ್ಪ ಸಿಹಿಯಾದ ಕರಾವಳಿಯ ಬನ್ಸ್, ನಮ್ಮ ಬೇಕರಿಯ ಬನ್ ಅಲ್ಲ.

ತಕ್ಷಣ ಸಮುದ್ರಕ್ಕೆ ಓಡಬೇಡಿ, ಪೇಟೆಯಲ್ಲಿ ಒಂದು ಸುತ್ತು ಹಾಕಿ. ಬೆಳಗಿನ ಹೊತ್ತು ಮೀನು ಮಾರ್ಕೆಟ್ಟಿಗೆ ಜೀವ ಇರುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಚಳಿಗಾಲದಲ್ಲಿ ಅಂಥದ್ದೇನೂ ಇಲ್ಲ. ಬಂಗಡೆ, ತಾರ್ಲೆ, ನೊಗಲಿ, ಶೆಟ್ಲಿ, ಇಸೋಣ ಅಂತ ಹೆಸರು ಕೇಳಿ ಕಲಿತುಕೊಳ್ಳಿ. ಸಿಗಡಿಗೆ ಇಲ್ಲಿ ಶೆಟ್ಲಿ ಅಂತಾರೆ, ಊಟದ ಹೊತ್ತಿಗೆ ಈ ಪಾಠ ಉಪಯೋಗಕ್ಕೆ ಬರುತ್ತದೆ.

ತರಕಾರಿ, ಸೊಪ್ಪು, ಹೂವು ಇಟ್ಟುಕೊಂಡು ಕೂತ ಹಾಲಕ್ಕಿ ಹೆಂಗಸರು ಕಾಣುತ್ತಾರೆ. ಕುತ್ತಿಗೆ ತುಂಬ ಮಣಿಸರ, ಅವರದೇ ರೀತಿಯಲ್ಲಿ ಉಟ್ಟ ಸೀರೆ. ಸಾವಿರಾರು ಗಿಡ ಬೆಳೆಸಿದ ತುಳಸಿ ಗೌಡ, ಜನಪದ ಹಾಡುಗಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದ ಸುಕ್ರಿ ಬೊಮ್ಮಗೌಡ, ಇಬ್ಬರೂ ಈ ತಾಲೂಕಿನ ಹಾಲಕ್ಕಿ ಸಮುದಾಯದವರೇ, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಕ್ಯಾಮೆರಾ ತೆಗೆದು ಮುಖದ ಮುಂದೆ ಹಿಡಿಯಬೇಡಿ. ಏನಾದರೂ ಕೊಳ್ಳಿ, ಮಾತಾಡಿಸಿ, ಫೋಟೊ ಬೇಕಿದ್ದರೆ ಕೇಳಿ. ಬೇಡ ಅಂದ್ರೆ ಬೇಡ.

ಈ ಪೇಟೆ ಸುಮ್ನೆ ಮಲಗಿದ ಹಾಗೆ ಕಾಣುತ್ತದೆ, ಆದರೆ 1930ರ ಏಪ್ರಿಲ್‌ನಲ್ಲಿ ಇಲ್ಲಿನ ಜನ ಉಪ್ಪಿನ ಕಾಯ್ದೆ ಮುರಿದರು. ಆಮೇಲೆ ಕರ ಕೊಡುವುದಿಲ್ಲ ಅಂತ ರೈತರು ಹೊಲ-ಮನೆ ಕಳೆದುಕೊಂಡರೂ ಬಗ್ಗಲಿಲ್ಲ. ಕರ ಕೊಡದೆ ಹೋರಾಡಿದ ಗುಜರಾತಿನ ಬಾರ್ಡೋಲಿಯ ನೆನಪಿಗೆ ಇದಕ್ಕೆ ಕರ್ನಾಟಕದ ಬಾರ್ಡೋಲಿ ಅನ್ನುವ ಹೆಸರು ಬಂದದ್ದು ಹಾಗೆ. ಚುಟುಕಗಳ ದಿನಕರ ದೇಸಾಯಿ ಕೂಡ ಇಲ್ಲಿಯವರು, ಅವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಈ ಜಿಲ್ಲೆಯ ಎಷ್ಟೋ ಮಕ್ಕಳು ಓದಿದ್ದಾರೆ. ದಂಡೆಗೆ ಹೋಗುವ ಮೊದಲು ಇಷ್ಟು ಗೊತ್ತಿದ್ದರೆ ಅಂಗೈಯ ಮೇಲೆ ಒಣಗಿದ ಉಪ್ಪು ಕೂಡ ಬೇರೆ ಥರ ಕಾಣುತ್ತದೆ.

ಯಾವ ದಂಡೆ?

ಒಂದೇ ಆರಿಸಿ. ಹೆಚ್ಚೆಂದರೆ ಎರಡು.

ನದಿಬಾಗ ಪೇಟೆಗೆ ಹತ್ತಿರ, ಮೊದಲ ಸಲ ಹೋಗುವವರಿಗೆ ಇದೇ ಸಾಕು. ಕೇಣಿ ಮೀನುಗಾರರ ಊರು, ದೋಣಿ, ಬಲೆ, ಒಣಗಲು ಹಾಕಿದ ಮೀನು ನೋಡುವವರಿಗೆ. ಅಲ್ಲಿ ದೊಡ್ಡ ಬಂದರು ಕಟ್ಟುವ ಯೋಜನೆ ಇದೆ, ಮೀನುಗಾರರು ಬೇಡ ಅಂತ ಹೋರಾಡುತ್ತಿದ್ದಾರೆ. ಈಗಲೇ ನೋಡಿಕೊಂಡು ಬರುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಬೇಲೇಕೇರಿ ಉತ್ತರಕ್ಕೆ ಸ್ವಲ್ಪ ದೂರ. ಮಂಜಗುಣಿ ದಕ್ಷಿಣಕ್ಕೆ, ಗಂಗಾವಳಿ ನದಿ ಸಮುದ್ರ ಸೇರುವ ಜಾಗ, ಎರಡನೇ ಸಲ ಬಂದಾಗ ನೋಡಿ.

ರಿಕ್ಷಾ ಹಿಡಿಯುವಾಗ ಹೋಗುವ ಬಾಡಿಗೆ ಮಾತ್ರ ಕೇಳಬೇಡಿ. ದಂಡೆಯಿಂದ ವಾಪಸ್ ಬರುವುದಕ್ಕೆ ರಿಕ್ಷಾ ಸುಲಭಕ್ಕೆ ಸಿಗುವುದಿಲ್ಲ, ಅದಕ್ಕೇ ಅದು ಶಾಂತ ದಂಡೆ. ಚಾಲಕರ ಫೋನ್ ನಂಬರು ಇಸಿದುಕೊಂಡು, "ಅಣ್ಣಾ, ಒಂದು ಗಂಟೆಗೆ ಬರ್ತೀರಾ?" ಅಂತ ಕೇಳಿ, ಎರಡೂ ಸಲದ್ದು ಸೇರಿಸಿ ಬಾಡಿಗೆ ಮಾತಾಡಿಕೊಳ್ಳಿ.

ನೀರಿಗೆ ಇಳಿಯುವ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಚಳಿಗಾಲದ ಸಮುದ್ರ ಕೆರೆಯ ಹಾಗೆ ಕಾಣುತ್ತದೆ, ಮೋಸ ಆಗುವುದು ಅಲ್ಲೇ. ನಿರ್ಜನ ದಂಡೆಯಲ್ಲಿ ಕಾಪಾಡುವವರು ಇರುವುದಿಲ್ಲ. ಮೊಣಕಾಲು ದಾಟಬೇಡಿ. ಅಲೆ ಎಲ್ಲ ಕಡೆ ಬಿಳಿಯಾಗಿ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಸಪಾಟಾಗಿ, ಬಣ್ಣ ಬೇರೆಯಾಗಿ ಕಂಡರೆ ಅದು ಸುರಕ್ಷಿತ ಜಾಗ ಅಲ್ಲ, ನೀರು ಒಳಗೆ ಎಳೆದುಕೊಂಡು ಹೋಗುವ ದಾರಿ. ಸಿಕ್ಕಿಕೊಂಡರೆ ದಂಡೆಗೆ ನೇರವಾಗಿ ಈಜಿ ಸುಸ್ತಾಗಬೇಡಿ, ದಂಡೆಗೆ ಸಮಾನಾಂತರವಾಗಿ ಸರಿದು ಆ ಸೆಳೆತದಿಂದ ಹೊರಗೆ ಬನ್ನಿ. ನದಿ, ಹಳ್ಳ ಸಮುದ್ರ ಸೇರುವ ಬಾಯಿಯಲ್ಲಂತೂ ಕಾಲಿಡಲೇಬೇಡಿ. ಅನುಮಾನ ಇದ್ದರೆ ಬಲೆ ಬಿಡಿಸುತ್ತ ಕೂತವರನ್ನು ಕೇಳಿ, ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಸ್ನಾನ ಆಯ್ತು, ನಡೆದಾಯ್ತು, ಇನ್ನೇನು ಮಾಡುವುದು ಅಂತ ಚಡಪಡಿಸಬೇಡಿ. ಏನೂ ಮಾಡುವುದಿಲ್ಲ. ಗಾಳಿಮರದ ನೆರಳಿನಲ್ಲಿ ಶಾಲು ಹಾಸಿ ಮಲಗಿ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಹೋಗುತ್ತಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿನಿಂದ ಬೀಸುತ್ತದೆ. ಆ ತಿರುಗುವ ಹೊತ್ತಿನಲ್ಲಿ ಸ್ವಲ್ಪ ಸೆಕೆ, ಆಮೇಲೆ ತಂಪು.

ಊಟ

ಒಂದು ಗಂಟೆಗೆ ಪೇಟೆಗೆ ಬನ್ನಿ. ಎರಡೂವರೆ ದಾಟಿದರೆ ಒಳ್ಳೆಯ ಮೀನು ಮುಗಿದಿರುತ್ತದೆ. ಹೋಟೆಲ್ ಹೆಸರು ನಾನು ಹೇಳುವುದಿಲ್ಲ, ಕಚೇರಿಯವರು, ರಿಕ್ಷಾದವರು ಎಲ್ಲಿ ಕೂತಿದ್ದಾರೆ ನೋಡಿ ಅಲ್ಲಿಗೆ ಹೋಗಿ. ಮೀನಿನ ಊಟ ಅಂದ್ರೆ ಅನ್ನ, ತೆಂಗಿನಕಾಯಿ ಅರೆದ ಸಾರು, ಮೇಲೆ ನೀವು ಹೇಳಿದ ಫ್ರೈ. ಕುಚಲಕ್ಕಿ ಅನ್ನ ಇದ್ದರೆ ಅದನ್ನೇ ಕೇಳಿ. ಬಂಗಡೆ ಸಾರಿನಲ್ಲಿ ನಾಲಿಗೆಗೆ ಚುಂಯ್ ಅನ್ನಿಸುವ ಒಂದು ಸಣ್ಣ ಕಾಯಿ ಸಿಕ್ಕರೆ ಗಾಬರಿ ಬೇಡ, ಅದು ಜುಮ್ಮನಕಾಯಿ. ಪರಿಮಳಕ್ಕೆ ಹಾಕುತ್ತಾರೆ, ತಿನ್ನುವುದಲ್ಲ, ಪಕ್ಕಕ್ಕಿಡಿ. ಕೊನೆಗೆ ಕೋಕಂ, ತೆಂಗಿನಹಾಲು ಸೇರಿಸಿ ಮಾಡಿದ ಸೋಲ್ ಕಡಿ. ಫ್ರೈ ಹೇಳುವ ಮೊದಲು ರೇಟು ಕೇಳುವುದರಲ್ಲಿ ನಾಚಿಕೆ ಏನಿಲ್ಲ, ಇಸೋಣದ ಬೆಲೆ ದಿನಕ್ಕೊಂದು. ನೊಗಲಿ ಮೃದು, ಮುಳ್ಳಿನ ಕಾಟ ಕಡಿಮೆ, ಮೀನು ಅಭ್ಯಾಸ ಇಲ್ಲದವರು ಅದರಿಂದ ಶುರು ಮಾಡಿ. ಸಸ್ಯಾಹಾರಿಗಳಿಗೆ ಊಟದ ಹೋಟೆಲ್ ಬೇರೆ ಇವೆ, ಚಿಂತೆ ಇಲ್ಲ.

ಅಂಕೋಲೆಯ ಕರಿ ಇಷಾಡ ಮಾವು ಕೇಳಬೇಡಿ. ಊರಿನ ಹೆಸರಿಗೇ ಸಿಗುವ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇರುವ ಹಣ್ಣು ಹೌದು, ಆದರೆ ಅದು ಬೇಸಿಗೆಯದು.

ಸಂಜೆಯ ಒಂದೇ ಒಂದು ತೀರ್ಮಾನ

ಸೂರ್ಯಾಸ್ತ ನೋಡಬೇಕಾ, ಬೇಡವಾ? ಇಡೀ ದಿನ ನಿಂತಿರುವುದು ಇದರ ಮೇಲೆ. ಡಿಸೆಂಬರ್ ಶುರುವಿನಲ್ಲಿ ಆರು ದಾಟಿದ ಕೂಡಲೇ ಸೂರ್ಯ ಮುಳುಗುತ್ತಾನೆ, ಜನವರಿ ಕೊನೆಗೆ ಹೆಚ್ಚುಕಡಿಮೆ ಆರೂವರೆಗೆ. ಜನವರಿ ಕೊನೆಯ ವಾರ ಒಳ್ಳೆಯದು ಅಂದೆನಲ್ಲ, ಬೆಳಕು ಸಂಜೆ ಅರ್ಧ ತಾಸು ಹೆಚ್ಚು ಸಿಗುತ್ತದೆ. ಐದರ ಸುಮಾರಿನ ಬಸ್ಸು ಹಿಡಿಯುವವರಿಗೆ ಇದರಿಂದ ಲಾಭ, ಘಟ್ಟವನ್ನು ಬೆಳಕಿನಲ್ಲೇ ಹತ್ತಬಹುದು. ಸೂರ್ಯಾಸ್ತವೇ ಬೇಕು ಅನ್ನುವವರು ಡಿಸೆಂಬರಿನಲ್ಲೇ ಹೋಗಿ, ಬೇಗ ಮುಳುಗಿದರೆ ಬೇಗ ಬಸ್ಸಿಗೆ ಬರಬಹುದು.

ಮಕ್ಕಳಿದ್ದರೆ ಐದರ ಬಸ್ಸು. ಗೆಳೆಯರ ಗುಂಪಾದರೆ ಸೂರ್ಯಾಸ್ತ ನೋಡಿ, ರಿಕ್ಷಾವನ್ನು ದಂಡೆಯಲ್ಲೇ ನಿಲ್ಲಿಸಿಕೊಂಡು, ಬಿಂಬ ಮುಳುಗಿದ ಐದನೇ ನಿಮಿಷಕ್ಕೆ ಎದ್ದುಬಿಡಿ. "ಇನ್ನೊಂದು ಫೋಟೊ" ಅನ್ನುವ ಒಬ್ಬ ಗೆಳೆಯ ಎಲ್ಲ ಗುಂಪಿನಲ್ಲೂ ಇರುತ್ತಾನೆ, ಬಸ್ಸು ತಪ್ಪುವುದು ಅವನಿಂದಲೇ. ಮನೆ ಮುಟ್ಟುವಾಗ ಹತ್ತೂವರೆ-ಹನ್ನೊಂದು ಆಗುತ್ತದೆ, ಮರುದಿನ ಬೆಳಿಗ್ಗೆ ಕೆಲಸ ಇದ್ದರೆ ಯೋಚಿಸಿ. ಘಟ್ಟ ಹತ್ತುತ್ತಿದ್ದಂತೆ ಚಳಿ ಮತ್ತೆ ಶುರು. ಅಷ್ಟರೊಳಗೆ ಮೈಮೇಲೆ ಒಣ ಬಟ್ಟೆ ಇರಲಿ, ಒದ್ದೆ ಅಂಚಿನ ಪ್ಯಾಂಟಿನಲ್ಲಿ ಯಲ್ಲಾಪುರ ಮುಟ್ಟುವ ಹೊತ್ತಿಗೆ ಹಲ್ಲು ಕಟಕಟ ಅನ್ನುತ್ತವೆ.

ಮನೆಗೆ ಒಣ ಮೀನು ತರುವ ಆಸೆ ಇದ್ದರೆ ಒಂದು ಪದರ ಪ್ಲಾಸ್ಟಿಕ್ ಸಾಲುವುದಿಲ್ಲ. ಮೊದಲು ಪೇಪರು, ಅದರ ಮೇಲೆ ಕವರು, ಅದನ್ನು ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಗೆ ಹಾಕಿ. ಬೆಳಿಗ್ಗೆ ರೊಟ್ಟಿ ತಂದ ಡಬ್ಬಿ ಖಾಲಿ ಇರುತ್ತದೆ, ಅಲ್ವಾ? ನಾನು ಒಂದು ಸಲ ಬರೀ ಕೈಚೀಲದಲ್ಲಿ ತಂದೆ. ಕಲಘಟಗಿ ಬರುವಷ್ಟರಲ್ಲಿ ಮುಂದಿನ ಸೀಟಿನ ಅಜ್ಜಿ ಮೂರು ಸಲ ತಿರುಗಿ ನೋಡಿದರು. ನಾಲ್ಕನೇ ಸಲ ತಿರುಗಿ, "ಎಷ್ಟಕ್ಕ ಕೊಟ್ರಪಾ?" ಅಂತ ಕೇಳಿದರು.